ಪಟ್ಟಿ ಶುರುವಾಗಬೇಕಾದ್ದು ಓಪಿಡಿ ಬಾಗಿಲಲ್ಲಿ

ಕಳೆದ ಡಿಸೆಂಬರಿನಲ್ಲಿ ಬಳ್ಳಾರಿಗೆ ಹೋಗಿದ್ದೆ. ನನ್ನ ಜೊತೆ ಬಿಪಿಟಿ, ಅಂದರೆ ಫಿಸಿಯೋಥೆರಪಿ ಡಿಗ್ರಿ ಓದಿದ ಗೆಳತಿಯೊಬ್ಬಳು ಈಗ ಬಳ್ಳಾರಿ-ಕೊಪ್ಪಳ ಸೀಮೆಯ ಒಂದು ಫಿಸಿಯೋಥೆರಪಿ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಒಂದು ಸಂಜೆ ಮನೆಗೆ ಬಂದಳು. ಅಮ್ಮ ಒಗ್ಗಾಣಿ, ಮಿರ್ಚಿ ಮಾಡಿದ್ದಳು. ತಿಂದು ಕೈ ತೊಳೆದ ಮೇಲೆ ಗೆಳತಿ ಬ್ಯಾಗಿನಿಂದ ಹದಿನಾಲ್ಕು ಹಾಳೆ ತೆಗೆದು ನನ್ನ ಮುಂದಿಟ್ಟಳು. ಮೊದಲ ವರ್ಷದ ಮಕ್ಕಳಿಗೆ ಅನಾಟಮಿಯಲ್ಲಿ, ಅಂದರೆ ದೇಹರಚನೆಯ ಪಾಠದಲ್ಲಿ ಏನೇನು ಹೇಳಿಕೊಡಬೇಕು ಅನ್ನೋ ಪಟ್ಟಿ ಅದು. "ತುಂಬಾ ಜಾಸ್ತಿ ಆಗಿದೆ. ಬೇಡದ್ದನ್ನ ಹೊಡೆದು ಹಾಕು. ನೀನು ಅಲ್ಲಿ ಇದೇ ಕೆಲಸ ಮಾಡ್ತೀಯಲ್ಲ" ಅಂದಳು.

ನಾನಿರೋದು ಕ್ಯಾಲಿಫೋರ್ನಿಯಾದ ಸಲಿನಾಸ್ ಹತ್ತಿರ. ವಾರದಲ್ಲಿ ನಾಲ್ಕು ದಿನ ಕ್ಲಿನಿಕ್. ಒಂದು ದಿನ ಫಿಸಿಕಲ್ ಥೆರಪಿ ವಿದ್ಯಾರ್ಥಿಗಳ ಅನಾಟಮಿ ಲ್ಯಾಬ್‌ನಲ್ಲಿ ಕೈಜೋಡಿಸುತ್ತೇನೆ. ಎಷ್ಟು ಕಲಿಸೋದು, ಏನನ್ನು ಬಿಡೋದು ಅನ್ನೋ ಪ್ರಶ್ನೆ ಅಲ್ಲೂ ಪ್ರತಿ ವರ್ಷ ಏಳುತ್ತದೆ. ಹಾಗಾಗಿ ಧೈರ್ಯವಾಗಿಯೇ ಕೆಂಪು ಪೆನ್ನು ಕೈಗೆ ತಗೊಂಡೆ. ತಲೆಬುರುಡೆಯ ತಳದ ಸಣ್ಣ ಸಣ್ಣ ತೂತುಗಳು, ಮುಖಕ್ಕೆ ಹೋಗುವ ಎಕ್ಸ್‌ಟರ್ನಲ್ ಕೆರೋಟಿಡ್ ರಕ್ತನಾಳದ ಎಂಟು ಕವಲುಗಳು, ಲಿವರ್‌ನ ಹೊದಿಕೆ, ಗರ್ಭದಲ್ಲಿ ಹೃದಯ ಬೆಳೆಯುವ ಹಂತಗಳು: ಎಲ್ಲ ಹೊಡೆದೆ. ಅದೇ ವೇಗದಲ್ಲಿ ಸೊಂಟದಿಂದ ತೊಡೆಗೆ ಇಳಿಯುವ ಸೋಯಸ್ ಸ್ನಾಯುವಿನ ಚೀಲ, ಮುಂಗೈಯ ಎರಡು ಮೂಳೆಗಳ ನಡುವಿನ ಪೊರೆ, ಜನನಾಂಗದ ಸುತ್ತಲಿನ ಪೆರಿನಿಯಮ್ ಅನ್ನೋ ಭಾಗ ಎಲ್ಲವೂ ಹೋದವು. ಒಂದು ಗಂಟೆಯಲ್ಲಿ ಅರ್ಧ ಪಟ್ಟಿ ಕೆಂಪಾಯಿತು. ಅವಳು ಏನೂ ಮಾತಾಡಲಿಲ್ಲ. "ನಾಳೆ ಬೆಳಿಗ್ಗೆ ನಮ್ಮ ಓಪಿಡಿಗೆ ಬಾ" ಅಂದಳು, ಅಷ್ಟೇ.

ಮರುದಿನ ಅವರ ಓಪಿಡಿಗೆ, ಅಂದರೆ ಹೊರರೋಗಿಗಳನ್ನು ನೋಡುವ ವಿಭಾಗಕ್ಕೆ ಹೋದೆ. ಸಂಜೆ ವಾಪಸ್ ಬಂದು ಅದೇ ಹಾಳೆಗಳನ್ನು ಮತ್ತೆ ಬಿಡಿಸಿ ಕೂತೆ. ಹಿಂದಿನ ಸಂಜೆ ನಾನು ಮಾಡಿದ್ದು ತಪ್ಪು ಅಂತ ಗೊತ್ತಾಗಿತ್ತು. ಯಾಕೆ ತಪ್ಪು ಅಂತ ಬರೆಯಬೇಕು ಅನಿಸಿತು. 2025ರಲ್ಲಿ ಕೇಂದ್ರ ಸರ್ಕಾರ ಫಿಸಿಯೋಥೆರಪಿಗೆ ದೇಶಕ್ಕೆಲ್ಲ ಒಂದೇ ಪಠ್ಯಕ್ರಮ ಹೊರತಂದಿದೆ. ನಮ್ಮ ಕಡೆಯ ಕಾಲೇಜುಗಳೆಲ್ಲ ಈಗ ಇಂಥ ಪಟ್ಟಿಗಳನ್ನೇ ಮುಂದಿಟ್ಟುಕೊಂಡು ಕೂತಿವೆ. ಮಾತಾಡೋದಾದರೆ ಈಗಲೇ ಮಾತಾಡಬೇಕು.

ಮೊದಲು ನಮ್ಮ ಊರ ಕಡೆಯ ಪಟ್ಟಿ ಎಲ್ಲಿಂದ ಬಂತು ಅನ್ನೋದು. ನಾವು ಓದುವಾಗ ಬಿಪಿಟಿ ನಾಲ್ಕು ವರ್ಷ, ಮೇಲೆ ಆರು ತಿಂಗಳ ಇಂಟರ್ನ್‌ಶಿಪ್. ಅನಾಟಮಿ ಮೊದಲ ವರ್ಷವೇ ಮುಗಿಯಬೇಕು. ಪಾಠ ಮಾಡುತ್ತಿದ್ದವರು ಎಂಬಿಬಿಎಸ್ ಮಕ್ಕಳಿಗೆ ಪಾಠ ಮಾಡುವ ಡಾಕ್ಟರುಗಳು. ಪುಸ್ತಕವೂ ಅವರದ್ದೇ. ಅದರಲ್ಲಿ ಇಷ್ಟಿಷ್ಟು ಪಾಠ ನಿಮಗೆ, ಉಳಿದದ್ದು ಬೇಡ ಅಂತ ಕತ್ತರಿಸಿ ಕೊಟ್ಟಿದ್ದರು. ಫಿಸಿಯೋಥೆರಪಿಸ್ಟ್ ದಿನವಿಡೀ ಏನು ಮಾಡುತ್ತಾನೆ ಅನ್ನೋದರಿಂದ ಹುಟ್ಟಿದ ಪಟ್ಟಿ ಅದಾಗಿರಲಿಲ್ಲ. ಸರ್ಜನ್‌ಗೆ ಬೇಕಾದದ್ದರಲ್ಲಿ ಒಂದಿಷ್ಟು ಕಡಿಮೆ ಮಾಡಿದ್ದು. ಹಾಗಾಗಿ ಥೈರಾಯಿಡ್ ಆಪರೇಷನ್ ಮಾಡುವಾಗ ಯಾವ ನರ ಉಳಿಸಬೇಕು ಅಂತ ನಮಗೆ ಗೊತ್ತಿತ್ತು. ಜೀವಂತ ಮನುಷ್ಯನ ಭುಜ ಮುಟ್ಟಿ ಇದು ಇಂಥ ಸ್ನಾಯುವಿನ ತುದಿ ಅಂತ ಹೇಳೋಕೆ ಬರುತ್ತಿರಲಿಲ್ಲ.

ಆದರೂ ಆ ಕಲಿಕೆಯಲ್ಲಿ ಒಂದು ಗಟ್ಟಿತನ ಇತ್ತು. ಅದನ್ನು ನಾನು ಇವತ್ತಿಗೂ ಬಿಟ್ಟುಕೊಡೋದಿಲ್ಲ. ನಮಗೆ ಮೂಳೆಗಳನ್ನು ಕೈಗೆ ಕೊಡುತ್ತಿದ್ದರು. ಹಾಸ್ಟೆಲ್ಲಿನಲ್ಲಿ ಮಂಚದ ಕೆಳಗೆ ಟ್ರಂಕಿನಲ್ಲಿ ಅರ್ಧ ಸೆಟ್ ಮೂಳೆ. ರಾತ್ರಿ ಕರೆಂಟ್ ಹೋದರೆ ಕತ್ತಲಲ್ಲೇ ತೊಡೆಮೂಳೆ ಹಿಡಿದು, ಇದು ಎಡದ್ದೋ ಬಲದ್ದೋ ಅಂತ ಒಬ್ಬರನ್ನೊಬ್ಬರು ಕೇಳುತ್ತಿದ್ದೆವು. ಹಿಂಭಾಗದ ಉದ್ದದ ಏಣು ಬೆರಳಿಗೆ ಸಿಕ್ಕಿದರೆ ಸಾಕು, ಮುಂದೆ ಯಾವುದು ಹಿಂದೆ ಯಾವುದು ಗೊತ್ತಾಗುತ್ತಿತ್ತು. ಇಲ್ಲಿ ನನ್ನ ವಿದ್ಯಾರ್ಥಿಗಳ ಹತ್ತಿರ ಒಳ್ಳೊಳ್ಳೆ ಆಪ್‌ಗಳಿವೆ. ಪರದೆಯ ಮೇಲೆ ದೇಹವನ್ನು ಹೇಗೆ ಬೇಕಾದರೂ ತಿರುಗಿಸುತ್ತಾರೆ. ಬೆರಳಿಗೆ ಮಾತ್ರ ಆ ನೆನಪು ಇರೋದಿಲ್ಲ. ಕಣ್ಣು ಮುಚ್ಚಿ ಮೂಳೆ ಹಿಡಿದು ಕಲಿತವನ ಕೈ ಪೇಷಂಟ್ ಮೈಮೇಲೆ ಬೇರೆ ಥರ ಓಡಾಡುತ್ತದೆ. ಇದು ನನ್ನ ಅನುಭವದ ಮಾತು.

ಇಲ್ಲಿ ಅಮೆರಿಕದಲ್ಲಿ ದಾರಿ ಬೇರೆ. ಮೊದಲು ನಾಲ್ಕು ವರ್ಷದ ಯಾವುದೋ ಡಿಗ್ರಿ, ಆಮೇಲೆ ಮೂರು ವರ್ಷದ ಡಿಪಿಟಿ ಅನ್ನೋ ಡಾಕ್ಟರೇಟ್. ಅನಾಟಮಿ ಲ್ಯಾಬಿಗೆ ಬರುವಾಗ ವಿದ್ಯಾರ್ಥಿಗೆ ಇಪ್ಪತ್ತೆರಡು, ಇಪ್ಪತ್ಮೂರು ವಯಸ್ಸು. ಅಲ್ಲಿ ಪಿಯುಸಿ ಮುಗಿಸಿದ ಹದಿನೆಂಟರ ಹುಡುಗಿ. ಈ ವ್ಯತ್ಯಾಸ ಸಣ್ಣದಲ್ಲ. ಇಲ್ಲಿ ಕಾಲೇಜುಗಳಿಗೆ ಮಾನ್ಯತೆ ಕೊಡುವ ಸಂಸ್ಥೆ ಅನಾಟಮಿ ಇರಲೇಬೇಕು ಅನ್ನುತ್ತದೆ. ಇಷ್ಟೇ ಗಂಟೆ, ಇಂಥದ್ದೇ ನರ ಅಂತ ಹೇಳೋದಿಲ್ಲ. ಅದು ಆಯಾ ಕಾಲೇಜಿಗೆ ಬಿಟ್ಟದ್ದು. ಕೆಲವು ಕಡೆ ಇಡೀ ಶವವನ್ನು ವಿದ್ಯಾರ್ಥಿಗಳೇ ಡಿಸೆಕ್ಷನ್ ಮಾಡುತ್ತಾರೆ. ಕೆಲವು ಕಡೆ ಮೊದಲೇ ಬಿಡಿಸಿಟ್ಟದ್ದನ್ನು ತೋರಿಸುತ್ತಾರೆ. ಕೆಲವು ಕಡೆ ಶವವೇ ಇಲ್ಲ.

ಹಾಗಾದರೆ ಏನು ಕಲಿಸಬೇಕು ಅಂತ ಹೇಗೆ ತೀರ್ಮಾನ ಮಾಡುತ್ತಾರೆ? ಇಲ್ಲಿ ನನಗೆ ತುಂಬಾ ಹಿಡಿಸಿದ ಒಂದು ಪದ್ಧತಿ ಇದೆ. ಕೆಲಸದಲ್ಲಿರುವ ಥೆರಪಿಸ್ಟ್‌ಗಳನ್ನೇ ಕೇಳುತ್ತಾರೆ. ಈ ಸ್ನಾಯು, ಈ ನರ, ಈ ಕೀಲು ನಿಮ್ಮ ಕೆಲಸದಲ್ಲಿ ಎಷ್ಟು ಸಲ ಬೇಕಾಗುತ್ತದೆ? ಗೊತ್ತಿಲ್ಲದಿದ್ದರೆ ಪೇಷಂಟ್‌ಗೆ ಅಪಾಯ ಇದೆಯಾ? ಉತ್ತರಗಳನ್ನು ಒಟ್ಟುಮಾಡಿ, ಯಾರು ಏನು ಹೇಳಿದರು ಅಂತ ಹೆಸರಿಲ್ಲದೆ ಎಲ್ಲರಿಗೂ ವಾಪಸ್ ಕಳಿಸುತ್ತಾರೆ. ಬೇರೆಯವರ ಅಭಿಪ್ರಾಯ ನೋಡಿ ಮನಸ್ಸು ಬದಲಾದರೆ ಬದಲಾಯಿಸಬಹುದು. ಹೀಗೆ ಎರಡು ಮೂರು ಸುತ್ತು. ಇದಕ್ಕೆ ಡೆಲ್ಫಿ ಅಂತ ಹೆಸರು. 1950ರ ದಶಕದಲ್ಲಿ ಅಮೆರಿಕದ ರ‍್ಯಾಂಡ್ ಸಂಸ್ಥೆಯಲ್ಲಿ, ಬೇರೆಯೇ ಕೆಲಸಕ್ಕೆ ಹುಟ್ಟಿದ ವಿಧಾನ. ಇದರ ಒಳ್ಳೆಯ ಗುಣ ಏನಂದರೆ, ಸಭೆಯಲ್ಲಿ ದೊಡ್ಡ ದನಿಯ ಹಿರಿಯರೊಬ್ಬರು ಹೇಳಿದ್ದೇ ಕೊನೆಯ ಮಾತಾಗೋದಿಲ್ಲ. ನಮ್ಮ ಕಡೆ ಬೋರ್ಡ್ ಮೀಟಿಂಗುಗಳಲ್ಲಿ ಕೂತವರಿಗೆ ಇದರ ಬೆಲೆ ಗೊತ್ತು.

ಆದರೆ ಯಾರನ್ನು ಕೇಳುತ್ತೀರಿ ಅನ್ನೋದರ ಮೇಲೆ ಉತ್ತರ ನಿಂತಿರುತ್ತದೆ. ಇಲ್ಲಿ ಕೇಳಿದರೆ ಮಂಡಿ ಬದಲಿ ಆಪರೇಷನ್ ಆದವರು, ಭುಜದ ಸ್ನಾಯು ಹರಿದವರು, ಓಡುವವರು, ಕಂಪ್ಯೂಟರ್ ಮುಂದೆ ಕೂತು ಕುತ್ತಿಗೆ ಹಿಡಿದವರು ಮೊದಲು ನೆನಪಾಗುತ್ತಾರೆ. ಪಟ್ಟಿಯೂ ಅವರ ಮೈಯ ಪ್ರಕಾರವೇ ತಯಾರಾಗುತ್ತದೆ. ನಾನು ಹನ್ನೆರಡು ವರ್ಷ ಈ ಪಟ್ಟಿಯೊಳಗೇ ಬದುಕಿದ್ದೇನೆ. ಬಳ್ಳಾರಿಯಲ್ಲಿ ಕೂತು ಕೆಂಪು ಪೆನ್ನು ಹಿಡಿದಾಗ ನನ್ನ ಕೈ ಓಡಿಸಿದ್ದು ಇದೇ ಪಟ್ಟಿ.

ಈಗ ಆ ಬೆಳಿಗ್ಗೆಗೆ ಬರುತ್ತೇನೆ.

ನಲವತ್ತರ ಆಸುಪಾಸಿನ ಹೆಣ್ಣುಮಗಳು ಬಂದು ಬೆಂಚಿನ ಮೇಲೆ ಕೂತಳು. "ಕಾಲು ಎಳೀತೈತ್ರಿ. ಚಪ್ಪಲಿ ನಿಂದ್ರಂಗಿಲ್ಲ" ಅಂದಳು. ಬಲಗಾಲಿನ ಹವಾಯಿ ಚಪ್ಪಲಿ ದಾರಿಯಲ್ಲೇ ಕಳಚಿ ಬೀಳುತ್ತದಂತೆ, ಬಿದ್ದದ್ದೂ ಗೊತ್ತಾಗೋದಿಲ್ಲವಂತೆ. ಕೈಯಲ್ಲಿ ಒಂದು ಚೀಟಿ. ಬೇರೆ ಎಲ್ಲೋ ಸೊಂಟದ ಎಂಆರ್‌ಐ ಮಾಡಿಸಿ ಅಂತ ಬರೆದುಕೊಟ್ಟಿದ್ದರು. ಜೊತೆಗಿದ್ದ ವಿದ್ಯಾರ್ಥಿನಿ ಕಾಲು ಎತ್ತಿ ನೋಡಿದಳು, ಸೊಂಟ ಒತ್ತಿ ನೋಡಿದಳು. ಎಲ್ಲೂ ನೋವಿಲ್ಲ. ಪಾದ ಮೇಲಕ್ಕೆ ಎತ್ತೋಕೆ ಮಾತ್ರ ಬರುತ್ತಿಲ್ಲ. ನನ್ನ ಗೆಳತಿ ಕೆಳಗೆ ಕೂತು ಕೇಳಿದಳು: "ಅಕ್ಕಾ, ಈಗ ಹೊಲದಾಗ ಏನು ಕೆಲಸ ನಡದೈತಿ?" "ಶೇಂಗಾ ಕಳೆ ತೆಗೆಯಾಕ ಹೋಗಿದ್ನಿ, ಹದಿನೈದು ದಿನ ಆತು. ಮುಂಜಾನಿಂದ ಸಂಜಿತನಕ ತುದಿಗಾಲಾಗ ಕುಂತು ಕುಂತು..." ಮಾತು ಮುಗಿಯೋದರೊಳಗೆ ಗೆಳತಿಯ ಬೆರಳು ಮಂಡಿಯ ಹೊರಬದಿಗೆ ಹೋಗಿತ್ತು. ಫಿಬುಲಾ ಮೂಳೆಯ ಗುಬುಟಿಗಿಂತ ಒಂದು ಬೆರಳು ಕೆಳಗೆ. ಅಲ್ಲಿ ಪಾದ ಎತ್ತಿಸುವ ಕಾಮನ್ ಪೆರೋನಿಯಲ್ ನರ ಮೂಳೆಯ ಕುತ್ತಿಗೆಯನ್ನು ಸುತ್ತಿಕೊಂಡು ಮುಂದಕ್ಕೆ ಬರುತ್ತದೆ. ಮೇಲೆ ಚರ್ಮ ಬಿಟ್ಟರೆ ಹೆಚ್ಚೇನೂ ಇಲ್ಲ. ಬೆರಳನ್ನು ಅಡ್ಡಡ್ಡ ಉರುಳಿಸಿದ ಕೂಡಲೇ ಆಕೆ ಹೌಹಾರಿದಳು. "ಜುಂ ಅಂತೈತ್ರಿ, ಪಾದದ ಮ್ಯಾಲಿನತನಕ!"

ಹೊತ್ತುಗಟ್ಟಲೆ ಮಂಡಿ ಪೂರ್ತಿ ಮಡಚಿ ಕೂತರೆ ಆ ನರ ಮೂಳೆಗೂ ಸ್ನಾಯುವಿನ ಅಂಚಿಗೂ ನಡುವೆ ಅಮುಕಿಹೋಗುತ್ತದೆ. ಎಂಆರ್‌ಐ ಬೇಕಾಗಿರಲಿಲ್ಲ. ಸದ್ಯಕ್ಕೆ ಹಾಗೆ ಕೂರೋದು ಬಿಡಬೇಕಿತ್ತು, ಪಾದಕ್ಕೊಂದು ಆಸರೆ ಬೇಕಿತ್ತು, ಕಾಯಬೇಕಿತ್ತು.

ನನಗೆ ಆಗ ನೆನಪಾಗಿದ್ದು ಸಲಿನಾಸ್. ನಮ್ಮ ಕಣಿವೆ ತುಂಬಾ ಸ್ಟ್ರಾಬೆರಿ, ಲೆಟಿಸ್. ವೈದ್ಯಕೀಯ ಬರಹಗಳಲ್ಲಿ ಇದೇ ತೊಂದರೆಗೆ 'ಸ್ಟ್ರಾಬೆರಿ ಪಿಕರ್ಸ್ ಪಾಲ್ಸಿ' ಅಂತ ಹೆಸರಿದೆ, ಅಂದರೆ ಸ್ಟ್ರಾಬೆರಿ ಕೀಳುವವರ ಕಾಲುಬೀಳು. ಮೆಕ್ಸಿಕೋದಿಂದ ಬಂದ ಹೆಣ್ಣುಮಕ್ಕಳು ಸಾಲಿನಲ್ಲಿ ಕುಕ್ಕರಗಾಲಲ್ಲಿ ಕೂತು ಹಣ್ಣು ಕೀಳುತ್ತಾರೆ. ಅವರ ಕಾಲಿನ ನರ, ಕೊಪ್ಪಳದ ಹೊಲದಲ್ಲಿ ಶೇಂಗಾ ಕಳೆ ತೆಗೆಯುವ ಅಕ್ಕನ ನರ, ಎರಡೂ ಒಂದೇ ಕಡೆ ಅಮುಕುತ್ತವೆ. ಆದರೆ ಇಡೀ ದೇಶದ ಸರಾಸರಿ ತೆಗೆದು ಮಾಡಿದ ಪಟ್ಟಿಯಲ್ಲಿ ಆ ನರಕ್ಕೆ ಒಂದು ಸಾಲು ಸಿಗುತ್ತದೆ. ಅದನ್ನು ಬೆರಳಲ್ಲಿ ಉರುಳಿಸಿ ನೋಡೋದನ್ನು ಕಲಿಸೋಕೆ ಟೈಮ್ ಸಿಗೋದಿಲ್ಲ.

ಸಲಿನಾಸ್ ಕಡೆಯ ಇನ್ನೊಂದು ಸಂಗತಿ ಇಲ್ಲೇ ಹೇಳಿಬಿಡುತ್ತೇನೆ. ಇಲ್ಲಿ ಹಿಂದೆ ಹೊಲಗೆಲಸಕ್ಕೆ ಗಿಡ್ಡ ಹಿಡಿಕೆಯ ಗುದ್ದಲಿ ಕೊಡುತ್ತಿದ್ದರು. ಕೆಲಸಗಾರರು ಅದನ್ನು ಸ್ಪ್ಯಾನಿಷ್‌ನಲ್ಲಿ 'ಎಲ್ ಕೊರ್ತಿತೊ', ಅಂದರೆ 'ಗಿಡ್ಡದು' ಅನ್ನುತ್ತಿದ್ದರು. ದಿನವಿಡೀ ಬೆನ್ನು ಬಗ್ಗಿಸಿಯೇ ಇರಬೇಕು. ಸೊಂಟದ ಡಿಸ್ಕುಗಳಿಗೆ, ಕೀಲುಗಳಿಗೆ ಏನಾಗುತ್ತದೆ ಅಂತ ಡಾಕ್ಟರುಗಳು ಸಾಕ್ಷಿ ಹೇಳಿದರು. 1975ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆ ಗುದ್ದಲಿಯನ್ನೇ ನಿಷೇಧ ಮಾಡಿದರು. ಬೆನ್ನುಮೂಳೆಯ ರಚನೆ ಗೊತ್ತಿದ್ದವರು ಹೊಲದ ಕೆಲಸವನ್ನೂ ಕಣ್ಣಾರೆ ಕಂಡಿದ್ದರಿಂದ ಅದು ಸಾಧ್ಯವಾಯಿತು. ಸಿಂಧನೂರು, ಗಂಗಾವತಿ, ಸಿರುಗುಪ್ಪದ ಗದ್ದೆಗಳಲ್ಲಿ ಭತ್ತದ ನಾಟಿ ಮಾಡುವ ಹೆಣ್ಣುಮಕ್ಕಳ ಬೆನ್ನಿನ ಪರವಾಗಿ ಸಾಕ್ಷಿ ಹೇಳುವವರು ನಮ್ಮ ಕಾಲೇಜುಗಳಿಂದ ಬರಬೇಕು ಅಂತ ನನ್ನ ಆಸೆ.

ಸೋಯಸ್ ಚೀಲದ ಮಾತಿಗೆ ಬರುತ್ತೇನೆ. ಇದನ್ನು ಬರೆಯೋದು ನನಗೆ ಕಷ್ಟ.

ಓದು ಮುಗಿಸಿದ ಮೇಲೆ ಎರಡು ವರ್ಷ ನಾನು ನಮ್ಮ ಕಡೆಯ ಒಂದು ಆಸ್ಪತ್ರೆಯಲ್ಲಿ ಕೆಲಸ ಮಾಡಿದೆ. ಜೀನ್ಸ್ ಹೊಲಿಯುವ ಯೂನಿಟ್‌ನಲ್ಲಿದ್ದ ಒಬ್ಬ ಹುಡುಗ ಬೆನ್ನುನೋವು ಅಂತ ಬರುತ್ತಿದ್ದ. ಮಷಿನ್ ಮುಂದೆ ಹತ್ತು ಗಂಟೆ ಬಾಗಿ ಕೂರುವವನು, ಬೆನ್ನು ನೋಯದೆ ಇರುತ್ತದೆಯೇ ಅಂದುಕೊಂಡೆ. ಎರಡು ವಾರ ಬೆನ್ನು ಎಳೆಯುವ ಟ್ರ್ಯಾಕ್ಷನ್ ಹಾಕಿದೆ, ಶಾಖ ಕೊಟ್ಟೆ. ಅವನು ತೊಡೆಸಂದಿನಲ್ಲಿ ಒಂದು ಗಂಟು ಇದೆ ಅಂತ ಹೇಳಿದ್ದ. ನೋವಿಲ್ಲ ಅಂದ. ನಾನೂ ಬಿಟ್ಟೆ. ಸಂಜೆ ಜ್ವರ ಬರುತ್ತಾ, ತೂಕ ಇಳಿದಿದೆಯಾ ಅಂತ ಕೇಳಲೇ ಇಲ್ಲ. ಆಮೇಲೆ ಎಕ್ಸ್‌ರೇ ತೆಗೆದವರಿಗೆ ಗೊತ್ತಾಯಿತು, ಬೆನ್ನುಮೂಳೆಯ ಟಿಬಿ. ಬೆನ್ನಿನಲ್ಲಿ ಆದ ಕೀವು ಸೋಯಸ್ ಸ್ನಾಯುವಿನ ಚೀಲದೊಳಗೆ ಇಳಿದು ತೊಡೆಸಂದಿನಲ್ಲಿ ಗಂಟಾಗಿ ಕಾಣಿಸಿಕೊಂಡಿತ್ತು. ಆ ಸ್ನಾಯು ಸೊಂಟದ ಮೂಳೆಗಳ ಪಕ್ಕದಲ್ಲಿ ಹುಟ್ಟಿ, ಹೊಟ್ಟೆಯ ಹಿಂದಿನಿಂದ ಇಳಿದು, ತೊಡೆಮೂಳೆಯ ಒಳಬದಿಯ ಸಣ್ಣ ಗುಬುಟಿಗೆ ಅಂಟಿಕೊಳ್ಳುತ್ತದೆ. ಇಷ್ಟೂ ನನಗೆ ಬಾಯಿಪಾಠ ಇತ್ತು. ವೈವಾದಲ್ಲಿ, ಅಂದರೆ ಬಾಯಿಮಾತಿನ ಪರೀಕ್ಷೆಯಲ್ಲಿ ಹೇಳಿದ್ದೆ. ಹುಡುಗನ ತೊಡೆಸಂದಿನ ಗಂಟಿಗೂ ನನ್ನ ಬಾಯಿಪಾಠಕ್ಕೂ ಸಂಬಂಧ ಇದೆ ಅಂತ ಮಾತ್ರ ಯಾರೂ ಹೇಳಿಕೊಟ್ಟಿರಲಿಲ್ಲ. ಹುಡುಗ ಔಷಧಿ ತಗೊಂಡು ಹುಷಾರಾದ. ಆ ಎರಡು ವಾರಗಳನ್ನು ನಾನು ಮರೆತಿಲ್ಲ ಅಂತಲೇ ಅಂದುಕೊಂಡಿದ್ದೆ. ಆದರೂ ಕೆಂಪು ಪೆನ್ನು ಅದರ ಮೇಲೆ ಓಡಿತ್ತು.

ಇಲ್ಲಿ ಸಲಿನಾಸ್‌ನಲ್ಲಿ ಬೆನ್ನುಮೂಳೆಯ ಟಿಬಿ ನನ್ನ ಕೈಗೆ ಒಂದು ಸಲವೂ ಸಿಕ್ಕಿಲ್ಲ. ಹಾಗಾಗಿ ಇಲ್ಲಿಯ ಪಟ್ಟಿಯಲ್ಲಿ ಆ ಚೀಲ ಇಲ್ಲದಿದ್ದರೆ ಯಾರೂ ಕೇಳೋದಿಲ್ಲ. ರಾಯಚೂರಿನಲ್ಲಿ ಇಲ್ಲದಿದ್ದರೆ ಕೇಳಬೇಕು.

ಒಳಾಂಗಗಳ ಬಗ್ಗೆಯೂ ಇದೇ ಮಾತು. ಫಿಸಿಯೋಥೆರಪಿಸ್ಟ್‌ಗೆ ಲಿವರ್, ಕಿಡ್ನಿ ಯಾಕೆ ಅಂತ ನಾನೂ ಒಂದು ಕಾಲದಲ್ಲಿ ವಾದಿಸಿದ್ದೆ. ಅಮೆರಿಕದಲ್ಲಿ 2015ರಿಂದ ಎಲ್ಲ 50 ರಾಜ್ಯಗಳಲ್ಲೂ ಒಂದಲ್ಲ ಒಂದು ರೀತಿಯಲ್ಲಿ ಪೇಷಂಟ್ ಡಾಕ್ಟರ್ ಚೀಟಿ ಇಲ್ಲದೆ ನೇರವಾಗಿ ಥೆರಪಿಸ್ಟ್ ಹತ್ತಿರ ಬರಬಹುದು. ಆಮೇಲೆ ಇಲ್ಲಿಯ ಕಾಲೇಜುಗಳು ಈ ವಿಷಯವನ್ನು ಇನ್ನೂ ಗಂಭೀರವಾಗಿ ನೋಡುತ್ತಿವೆ. ಬೆನ್ನುನೋವು ಅಂತ ಬಂದವನಿಗೆ ಕಿಡ್ನಿ ಕಲ್ಲಿರಬಹುದು. ಭುಜದ ನೋವು ಎದೆಗೂ ಹೊಟ್ಟೆಗೂ ನಡುವಿನ ವಪೆಯ ಕೆಳಗಿನ ತೊಂದರೆಯಿಂದ ಬಂದಿರಬಹುದು, ಯಾಕೆಂದರೆ ವಪೆಯ ನರ ಕುತ್ತಿಗೆಯಿಂದಲೇ ಇಳಿಯುತ್ತದೆ. ನಮ್ಮ ಊರುಗಳಲ್ಲಿ ಜನ ಚೀಟಿ ಹಿಡಿದು ಬರುವುದೇ ಕಡಿಮೆ. ಮೊದಲು ನೋವು ತಿಕ್ಕುವವರ ಹತ್ತಿರ, ಆಮೇಲೆ ಇಂಜೆಕ್ಷನ್ ಕೊಡುವವರ ಹತ್ತಿರ, ಆಮೇಲೆ ಫಿಸಿಯೋ ಹತ್ತಿರ. ಹಾಗಿದ್ದ ಮೇಲೆ ಒಳಾಂಗ ಪೂರ್ತಿ ಬಿಡೋಕಾಗಲ್ಲ. ಲಿವರ್‌ನ ಹೊದಿಕೆಗಳ ಹೆಸರು ಬೇಡ. ಲಿವರ್ ನೋವು ಎಲ್ಲಿ ಕಾಣಿಸಿಕೊಳ್ಳುತ್ತದೆ ಅನ್ನೋದು ಬೇಕು. ಹೃದಯ ಹುಟ್ಟುವ ಹಂತಗಳು ಬೇಡ. ಹೃದಯದ ನೋವು ಎಡಗೈಗೆ ಯಾಕೆ ಇಳಿಯುತ್ತದೆ ಅನ್ನೋದು ಬೇಕು.

ಇಂಜೆಕ್ಷನ್ ಅಂದಾಗ ನೆನಪಾಯಿತು. ಕುಂಡೆಗೆ ಸೂಜಿ ಚುಚ್ಚುವಾಗ ಮೇಲಿನ ಹೊರಗಿನ ಕಾಲುಭಾಗ ಬಿಟ್ಟು ಕೆಳಗೆ ಚುಚ್ಚಿದರೆ ಕಾಲಿಗೆ ಇಳಿಯುವ ಸಯಾಟಿಕ್ ನರಕ್ಕೆ ಪೆಟ್ಟು. ಜ್ವರಕ್ಕೆ ಸೂಜಿ ಹಾಕಿಸಿಕೊಂಡು ಬಂದ ಮಗುವಿನ ಕಾಲು ಬಿದ್ದುಹೋದದ್ದನ್ನು ನಮ್ಮ ಕಡೆ ಕೆಲಸ ಮಾಡಿದ ಫಿಸಿಯೋಗಳು ನೋಡಿರುತ್ತಾರೆ. ಅಮೆರಿಕದ ಪಟ್ಟಿಯಲ್ಲಿ ಆ ನರ ಡಿಸ್ಕ್ ನೋವಿನ ಜೊತೆ ಬರುತ್ತದೆ. ನಮ್ಮಲ್ಲಿ ಸೂಜಿಯ ಜೊತೆಗೂ ಬರಬೇಕು.

ಇನ್ನು ನೀರು. ಆ ದಿನ ಕುಷ್ಟಗಿ ಕಡೆಯ ಒಬ್ಬ ಅಜ್ಜ ಬಂದಿದ್ದರು. ಬೆನ್ನು ಕೋಲಿನ ಹಾಗೆ ನೆಟ್ಟಗೆ. ಬಗ್ಗೋಕೆ ಬರೋದಿಲ್ಲ, ಪಕ್ಕಕ್ಕೆ ನೋಡಬೇಕಾದರೆ ಇಡೀ ಮೈ ತಿರುಗಿಸಬೇಕು. "ಅಜ್ಜಾ, ಅಂಗೈ ಮ್ಯಾಲೆ ಮಾಡ್ರಿ" ಅಂದಳು ಗೆಳತಿ. ಅವರು ಎರಡೂ ಕೈ ಮುಂದೆ ಚಾಚಿದರು. ಅಂಗೈ ಅರ್ಧಕ್ಕೇ ನಿಂತುಬಿಟ್ಟಿತು. ಪ್ರಸಾದ ತಗೊಳ್ಳೋಕೆ ಕೈ ಒಡ್ಡಿದರೂ ಅಷ್ಟೇ ಅಂತ ಅವರೇ ಹೇಳಿದರು. ಎಕ್ಸ್‌ರೇ ಹಿಡಿದು ತೋರಿಸಿದಳು. ಮುಂಗೈಯ ರೇಡಿಯಸ್, ಅಲ್ನಾ ಮೂಳೆಗಳ ನಡುವೆ ತೆಳ್ಳಗಿನ ಪೊರೆ ಇರಬೇಕಾದ ಕಡೆ ಬೆಳ್ಳಗೆ ಗಟ್ಟಿ ಅಂಚು. ಫ್ಲೋರೋಸಿಸ್. ನೆಲದಡಿಯ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇದ್ದು, ಅದನ್ನೇ ವರ್ಷಗಟ್ಟಲೆ ಕುಡಿದರೆ ಕಟ್ಟುನಾರುಗಳೂ ಪೊರೆಗಳೂ ಸುಣ್ಣಗಟ್ಟುತ್ತವೆ. ಆ ಪೊರೆ ಗಟ್ಟಿಯಾದರೆ ರೇಡಿಯಸ್ ಮೂಳೆ ಅಲ್ನಾ ಸುತ್ತ ಸಲೀಸಾಗಿ ತಿರುಗೋಕೆ ಆಗೋದಿಲ್ಲ.

ಈ ಕಾಯಿಲೆಯನ್ನು ನಮ್ಮ ದೇಶದಲ್ಲಿ ಮೊದಲು ಗುರುತಿಸಿ ಬರೆದದ್ದು 1937ರಲ್ಲಿ, ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ. ಬಳ್ಳಾರಿಯೂ ಆಗ ಮದ್ರಾಸ್ ಪ್ರಾಂತ್ಯದಲ್ಲೇ ಇತ್ತು. ರಾಯಚೂರು, ಕೊಪ್ಪಳ, ಬಳ್ಳಾರಿ ಮೂರೂ ಜಿಲ್ಲೆಗಳ ಎಷ್ಟೋ ಹಳ್ಳಿಗಳ ಬೋರ್ ನೀರಿನಲ್ಲಿ ಇವತ್ತಿಗೂ ಫ್ಲೋರೈಡ್ ತೊಂದರೆ ಇದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯೇ ಇಲ್ಲದಿದ್ದರೆ 1.5ರ ತನಕ ಅಂತ ನಮ್ಮ ಮಾನದಂಡ. ಅಮೆರಿಕದ ಎಷ್ಟೋ ಊರುಗಳಲ್ಲಿ ಹಲ್ಲು ಗಟ್ಟಿಯಾಗಲಿ ಅಂತ ನೀರಿಗೆ ಫ್ಲೋರೈಡ್ ಸೇರಿಸುತ್ತಾರೆ, ಲೀಟರಿಗೆ 0.7 ಮಿಲಿಗ್ರಾಂ. ಒಂದು ಕಡೆ ಹಾಕುತ್ತಾರೆ, ಇನ್ನೊಂದು ಕಡೆ ತೆಗೆಯೋಕೆ ಆಗುತ್ತಿಲ್ಲ. ಹಾಗಿರುವಾಗ ಮುಂಗೈ ಪೊರೆಗೆ ಎರಡು ಊರಿನಲ್ಲೂ ಒಂದೇ ಸಾಲು ಸಾಕು ಅನ್ನೋದು ಹೇಗೆ?

ಕೂರೋ ವಿಷಯವೂ ಇದೆ. ಸುಮ್ನೆ ನಡೆಯೋಕೆ ಮಂಡಿ 60 ಡಿಗ್ರಿ ಬಾಗಿದರೆ ಆಯಿತು. ಇಲ್ಲಿ ಮಂಡಿ ಬದಲಿಸಿಕೊಂಡವರು 120 ಡಿಗ್ರಿ ಬಾಗಿಸಿದರೆ ನಾನೂ ಖುಷಿ, ಅವರೂ ಖುಷಿ. ನಮ್ಮ ಊರಿನಲ್ಲಿ ನೆಲದ ಮೇಲೆ ಕೂತು ರೊಟ್ಟಿ ಬಡಿಯುವ, ಕುಕ್ಕರಗಾಲಲ್ಲಿ ಕೂತು ಪಾತ್ರೆ ತೊಳೆಯುವ, ಗುಡಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂರುವ ತಾಯಿಗೆ 120 ಎಲ್ಲಿ ಸಾಕು? 130 ದಾಟಿದ ಮೇಲೆ ಮಂಡಿಯೊಳಗೆ ನಡೆಯೋದೇ ಬೇರೆ. ತೊಡೆಮೂಳೆಯ ಹೊರಗಿನ ಗುಂಡು ಹಿಂದಕ್ಕೆ ಸರಿಯುತ್ತದೆ, ಮಂಡಿಯೊಳಗಿನ ಮೆತ್ತೆಯಾದ ಮೆನಿಸ್ಕಸ್‌ನ ಹಿಂದಿನ ಕೊಂಬಿನ ಮೇಲೆ ಭಾರ ಬೀಳುತ್ತದೆ. ಇದು ದೊಡ್ಡ ಪುಸ್ತಕಗಳಲ್ಲಿ ಕೊನೆಯ ಒಂದು ಪ್ಯಾರಾ. ನಮ್ಮಲ್ಲಿ ಮೊದಲ ಪ್ಯಾರಾ ಆಗಬೇಕಾದದ್ದು. ಕುಕ್ಕರಗಾಲಲ್ಲಿ ಕೂರುವವರ ಕಣಕಾಲಿನಲ್ಲಿ, ಟಿಬಿಯಾ ಮೂಳೆಯ ಮುಂದಿನ ಅಂಚು ಟೇಲಸ್ ಮೂಳೆಯ ಕುತ್ತಿಗೆಗೆ ತಾಗಿ ತಾಗಿ, ಎರಡರಲ್ಲೂ ಸಣ್ಣ ನುಣುಪು ಗುರುತು ಮೂಡುತ್ತದೆ. 19ನೇ ಶತಮಾನದ ಕೊನೆಗೇ ಪಂಜಾಬಿನ ಜನರ ಮೂಳೆಗಳಲ್ಲಿ ಇದನ್ನು ನೋಡಿ ಬರೆದಿಟ್ಟಿದ್ದಾರೆ. ನಮ್ಮ ಹಾಸ್ಟೆಲ್ ಟ್ರಂಕಿನ ಮೂಳೆಯಲ್ಲೂ ಅದು ಇದ್ದಿರಬೇಕು. ನಾವು ನೋಡಿದ ನೆನಪಿಲ್ಲ, ಯಾಕೆಂದರೆ ಯಾರೂ ನೋಡಿ ಅಂದಿರಲಿಲ್ಲ.

ಮಾತಿನ ಬಗ್ಗೆಯೂ ಹೇಳಲೇಬೇಕು. "ಟೊಂಕ ನೋವು" ಅಂದರೆ ಎಲ್ಲಿ? ಮೈಸೂರು ಕಡೆಯಿಂದ ಬಂದ ವಿದ್ಯಾರ್ಥಿಗೆ ಆ ಪದವೇ ಹೊಸದು. ನಮ್ಮವರಲ್ಲೇ ಒಬ್ಬರು ಕೆಳಬೆನ್ನು ತೋರಿಸುತ್ತಾರೆ, ಇನ್ನೊಬ್ಬರು ಕುಂಡೆಯ ಮೇಲಿನ ಏಣು ತೋರಿಸುತ್ತಾರೆ. ರಟ್ಟೆ, ಮೀನಖಂಡ, ಪಕ್ಕೆ, ಹಿಮ್ಮಡಿ ಇವೆಲ್ಲ ಜನರ ಅನಾಟಮಿ. ಲ್ಯಾಟಿನ್ ಹೆಸರು ಹೇಳುವ ಮಕ್ಕಳಿಗೆ ಇದೂ ಗೊತ್ತಿರಬೇಕು. ಇಲ್ಲಿ ನಾವು ವಿದ್ಯಾರ್ಥಿಗಳಿಗೆ ಒಂದಿಷ್ಟು ಸ್ಪ್ಯಾನಿಷ್ ಹೇಳಿಕೊಡುತ್ತೇವೆ. ಹೊಲದಿಂದ ಬಂದವರು 'ಸಿಂತುರಾ' ಅಂದಾಗ ನಮ್ಮ 'ಟೊಂಕ'ದಂತೆಯೇ ಅದು ಎಲ್ಲಿಂದ ಎಲ್ಲಿಯವರೆಗೆ ಅಂತ ಕೈಯಿಟ್ಟು ಕೇಳಬೇಕಾಗುತ್ತದೆ. ಪಟ್ಟಿಯಲ್ಲಿ ಇದಕ್ಕೊಂದು ತರಗತಿ ಇಟ್ಟರೆ ಏನೂ ಖರ್ಚಿಲ್ಲ.

ಹೀಗೆ ಊರಿಗೆ ತಕ್ಕ ಪಟ್ಟಿ ಮಾಡೋದಕ್ಕೆ ಗೆಳತಿಯ ಸಹೋದ್ಯೋಗಿಯೊಬ್ಬರು ಆಕ್ಷೇಪ ಎತ್ತಿದರು. ಹಿರಿಯರು, ತಿಳಿದವರು. "ನಮ್ಮ ಮಕ್ಕಳು ಕೊಪ್ಪಳದಲ್ಲೇ ಇರ್ತಾರಾ ಸರ್? ಬೆಂಗಳೂರಿಗೆ ಹೋಗ್ತಾರೆ, ನಿಮ್ಮ ಹಾಗೆ ಅಮೆರಿಕಕ್ಕೆ ಹೋಗ್ತಾರೆ. ಅವರಿಗೆ ಎಲ್ಲ ಕಡೆ ನಡೆಯೋದು ಕಲಿಸಬೇಕಲ್ವಾ?" ಅಂದರು. ನ್ಯಾಯವಾದ ಮಾತು. ನಾನೂ ಇಲ್ಲಿಯ ಲೈಸೆನ್ಸ್ ಪರೀಕ್ಷೆ ಬರೆದವನೇ, ನನ್ನ ಹಳೆಯ ಅಂಕಪಟ್ಟಿಗಳನ್ನು ಅವರು ಒಂದೊಂದಾಗಿ ತೂಗಿ ನೋಡಿದ್ದರು. ದೇಶಕ್ಕೊಂದು ತಳಹದಿ ಬೇಕು. ಕೈಗೆ ಹೋಗುವ ನರಗಳ ಜಾಲ ಬ್ರೇಕಿಯಲ್ ಪ್ಲೆಕ್ಸಸ್ ಎಲ್ಲ ಕಡೆಯೂ ಒಂದೇ, ಭುಜದ ಕೀಲು ಎಲ್ಲ ಕಡೆಯೂ ಒಂದೇ. ಆದರೆ ನೂರು ಗಂಟೆ ಇದ್ದರೆ ಎಪ್ಪತ್ತೋ ಎಂಬತ್ತೋ ಅದಕ್ಕೆ ಕೊಡಿ, ಉಳಿದದ್ದನ್ನು ನಿಮ್ಮ ಓಪಿಡಿಗೆ ಬಿಡಿ ಅನ್ನೋದು ನನ್ನ ವಾದ. ಶೇಂಗಾ ಕಳೆ ತೆಗೆಯುವವಳ ನರವನ್ನು ಬೆರಳಲ್ಲಿ ಹುಡುಕಲು ಕಲಿತ ಹುಡುಗಿ ಸಲಿನಾಸ್‌ಗೆ ಬಂದರೆ ನಮ್ಮ ಕ್ಲಿನಿಕ್ಕಿಗೇ ಲಾಭ. ಕುಷ್ಠರೋಗದಲ್ಲಿ ದಪ್ಪವಾದ ಅಲ್ನರ್ ನರವನ್ನು ಮೊಣಕೈ ಹಿಂದೆ ಮುಟ್ಟಿ ಗುರುತಿಸುವ ಕೈ ನನ್ನ ಇಲ್ಲಿಯ ವಿದ್ಯಾರ್ಥಿಗಳಿಗಿಲ್ಲ. ಲೋಕದ ಹೊಸ ಕುಷ್ಠ ಪ್ರಕರಣಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಇನ್ನೂ ನಮ್ಮ ದೇಶದಲ್ಲೇ ಸಿಗುತ್ತಿವೆ. ಆ ಕೈಯನ್ನು ನಾವು ಕಳೆದುಕೊಳ್ಳಬಾರದು.

ಹೇಗೆ ಮಾಡೋದು ಅಂತಲೂ ಹೇಳಿ ಬಂದೆ. ಡೆಲ್ಫಿ ಪದ್ಧತಿಯನ್ನು ಹಾಗೇ ತಗೊಳ್ಳಿ, ಆದರೆ ಕೇಳುವವರನ್ನು ಬದಲಾಯಿಸಿ. ಮಾನ್ವಿ, ಲಿಂಗಸುಗೂರು, ಸಂಡೂರು, ಯಲಬುರ್ಗಾದಂಥ ತಾಲ್ಲೂಕುಗಳಲ್ಲಿ ಒಬ್ಬರೇ ಕೂತು ಪೇಷಂಟ್ ನೋಡುವ ಫಿಸಿಯೋಗಳನ್ನು ಕೇಳಿ. ಹಟ್ಟಿ ಗಣಿಯಲ್ಲಿ ಡ್ರಿಲ್ ಹಿಡಿದವರ ಕೈ, ಗಂಗಾವತಿ ರೈಸ್ ಮಿಲ್ಲಿನ ಹಮಾಲರ ಕುತ್ತಿಗೆ ನೋಡಿದವರನ್ನು ಕೇಳಿ. ಮತ್ತೆ ಮೊದಲ ವರ್ಷದ ಮಕ್ಕಳನ್ನೇ ಒಂದು ವಾರ ಓಪಿಡಿ ಬಾಗಿಲಲ್ಲಿ ನೋಟ್‌ಬುಕ್ ಕೊಟ್ಟು ಕೂರಿಸಿ. ಏನೂ ಚಿಕಿತ್ಸೆ ಮಾಡೋದು ಬೇಡ. ಯಾರು ಬಂದರು, ಏನು ಕೆಲಸ, ಎಲ್ಲಿ ನೋವು, ಯಾವ ಮಾತಿನಲ್ಲಿ ಹೇಳಿದರು ಅಂತ ಬರೆದುಕೊಳ್ಳಲಿ. ಆಮೇಲೆ ಡಿಸೆಕ್ಷನ್ ಹಾಲ್‌ಗೆ ಹೋಗಲಿ.

ಮಾರ್ಚಿನಲ್ಲಿ ಗೆಳತಿ ಹೊಸ ಪಟ್ಟಿ ಕಳಿಸಿದಳು. ಎಡಗಡೆ ಒಂದು ಹೊಸ ಕಾಲಂ ಹಾಕಿದ್ದಾಳೆ: 'ಯಾರಿಗೆ?' ಅಂತ. ಕಾಮನ್ ಪೆರೋನಿಯಲ್ ನರದ ಮುಂದೆ 'ಶೇಂಗಾ ಕಳೆ' ಅಂತ ಇದೆ. ಮುಂಗೈ ಪೊರೆಯ ಮುಂದೆ 'ಬೋರ್ ನೀರು'. ಸೋಯಸ್ ಮುಂದೆ ಟಿಬಿ. ಎಕ್ಸ್‌ಟರ್ನಲ್ ಕೆರೋಟಿಡ್‌ನ ಕವಲುಗಳ ಮುಂದೆ ಖಾಲಿ ಬಿಟ್ಟಿದ್ದಾಳೆ. ಅದು ಹೋಗಬಹುದು.

ಎಲ್ಲಕ್ಕಿಂತ ಜಾಸ್ತಿ ಬರಹ ಇದ್ದದ್ದು ಪೆರಿನಿಯಮ್ ಮತ್ತು ವಸ್ತಿಕುಹರದ ತಳದ ಸ್ನಾಯುಗಳ ಸಾಲಿನಲ್ಲಿ. ನಾನು ಅದನ್ನು ಹೊಡೆದು ಹಾಕಿದ್ದೆ. ಇಲ್ಲಿ ಅದು ಸ್ಪೆಷಲಿಸ್ಟ್‌ಗಳ ಕೆಲಸ, ಮೊದಲ ವರ್ಷಕ್ಕೆ ಬೇಡ ಅಂದಿದ್ದೆ. ಆ ದಿನ ಓಪಿಡಿಯಲ್ಲೂ ಅಂಥ ಒಬ್ಬರನ್ನೂ ನಾನು ನೋಡಲಿಲ್ಲ. ಫೋನ್ ಮಾಡಿ ಕೇಳಿದೆ. "ಗರ್ಭಕೋಶ ಜಾರಿದೋರು, ಕೆಮ್ಮಿದ್ರೆ ಮೂತ್ರ ಹೋಗೋರು ಅವತ್ತೂ ಮೂರು ಜನ ಇದ್ದರು" ಅಂದಳು. "ಹೆರಿಗೆ ಆಗಿ ತಿಂಗಳು ತುಂಬೋದ್ರೊಳಗೆ ತಲೆ ಮೇಲೆ ಹೊರೆ ಹೊತ್ತೋರು. ನಿನ್ನ ಮುಂದೆ ಎಲ್ಲರೂ ಟೊಂಕ ನೋವು ಅಂತ ಹೇಳಿದರು. ನೀನು ಊಟಕ್ಕೆ ಎದ್ದು ಹೋದ ಮೇಲೆ ನನಗೆ ಹೇಳಿದರು."

ಆ ಸಾಲಿಗೆ ಎಷ್ಟು ಗಂಟೆ ಇಡೋಣ ಅಂತ ಕೇಳಿದಳು. ಮೊದಲ ಪಟ್ಟಿಯಲ್ಲಿ ಎರಡು ಇತ್ತು. ಎಂಟು ಅಂದೆ. ಅವಳು ಹತ್ತು ಅಂತ ಬರೆದುಕೊಂಡಳು.